ಓವನಿನ ಮೂಲೆಯಲ್ಲಿಟ್ಟ ನೀರು

ನಮ್ಮ ಲ್ಯಾಬಿನ ಮೈಕ್ರೋವೇವ್ ಓವನ್ ಪುರಸೈವಾಕ್ಕಂನ ಪಾತ್ರೆ ಅಂಗಡಿಯೊಂದರಿಂದ ಆಟೋದಲ್ಲಿ ಬಂದದ್ದು. ಬಾಗಿಲ ಮೇಲೆ ಹುರಿದ ಕೋಳಿಯ ಚಿತ್ರದ ಸ್ಟಿಕರ್ ಅಂಟಿಸಿದ್ದರು. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ನಮ್ಮ ಗೈಡ್ ಅದನ್ನು ಉಗುರಿನಿಂದ ಕೆರೆದು ತೆಗೆಯುವುದಕ್ಕೆ ಒಂದು ಇಡೀ ಮಧ್ಯಾಹ್ನ ಕಳೆದರು. ಕೋಳಿ ಹೋಯಿತು, ಅದರ ಒಂದು ಕಾಲು ಮಾತ್ರ ಉಳಿಯಿತು. ಜನ ನಿನ್ನೆಯ ಸಾಂಬಾರು ಬಿಸಿ ಮಾಡುವ ಆ ಪೆಟ್ಟಿಗೆಯಲ್ಲಿ ನಾನು ನಾಲ್ಕು ವರ್ಷ ಕ್ಯಾಡ್ಮಿಯಂ ಸಲ್ಫೈಡ್ ಎಂಬ ಅರೆವಾಹಕದ ನ್ಯಾನೋ ಕಣಗಳನ್ನು ಮಾಡಿ ಡಾಕ್ಟರ್ ಎನಿಸಿಕೊಂಡೆ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ಬೇರೆ ಯಂತ್ರಗಳಿರುತ್ತವೆ. ನಮ್ಮದು ಚೆನ್ನೈನ ಒಂದು ಸಾಧಾರಣ ಕಾಲೇಜು, ನಮಗೆ ಇದೇ ಸಾಕಿತ್ತು.

ಕೆಲಸ ಕೇಳುವುದಕ್ಕೆ ಸುಲಭ. ಎರಡು ಲವಣಗಳನ್ನು ಒಂದು ಮಂದ ದ್ರವದಲ್ಲಿ ಕರಗಿಸಿ, ಗಾಜಿನ ಫ್ಲಾಸ್ಕಿನಲ್ಲಿ ಹಾಕಿ ಓವನಿನಲ್ಲಿಡಬೇಕು. ಇಪ್ಪತ್ತು ಸೆಕೆಂಡು ಬಿಸಿ, ಆಮೇಲೆ ಒಂದು ನಿಮಿಷ ವಿರಾಮ, ಮತ್ತೆ ಇಪ್ಪತ್ತು ಸೆಕೆಂಡು. ಒಲೆಯ ಮೇಲಿಟ್ಟರೆ ಬಿಸಿ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಹೋಗುತ್ತದೆ, ಕಣಗಳು ಒಂದೊಂದು ಒಂದೊಂದು ಗಾತ್ರಕ್ಕೆ ಬೆಳೆಯುತ್ತವೆ. ಮೈಕ್ರೋವೇವಿನಲ್ಲಿ ದ್ರವವೆಲ್ಲ ಒಟ್ಟಿಗೇ ಬಿಸಿಯಾಗುತ್ತದೆ, ಕಣಗಳು ಒಟ್ಟಿಗೇ ಹುಟ್ಟುತ್ತವೆ. ಸರಿಯಾದ ಹೊತ್ತಿಗೆ ನಿಲ್ಲಿಸಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ನಿಲ್ಲುತ್ತವೆ. ಗಾತ್ರವನ್ನು ಬಣ್ಣವೇ ಹೇಳುತ್ತದೆ. ಕಣ ಚಿಕ್ಕದಾಗಿದ್ದರೆ ಪುಡಿ ನಿಂಬೆಹಣ್ಣಿನ ಹಳದಿ, ದೊಡ್ಡದಾಗಿ ಒಂದಕ್ಕೊಂದು ಅಂಟಿಕೊಂಡರೆ ಕಿತ್ತಳೆ. ನನ್ನದು ಯಾವಾಗಲೂ ನಿಂಬೆ ಹಳದಿ ಬರುತ್ತಿತ್ತು. ಅದರ ಮೇಲೆ ನನ್ನ ಹೆಸರಿನಲ್ಲಿ ಒಂದು ಪ್ರಬಂಧ ಅಚ್ಚಾಗಿತ್ತು.

ಯಾವಾಗಲೂ ಏಕೆ ಬರುತ್ತಿತ್ತು ಎಂಬುದನ್ನು ಆ ಪ್ರಬಂಧದಲ್ಲಿ ಬರೆದಿರಲಿಲ್ಲ. ಅಣ್ಣಾ ನಗರ್‌ನ ನಮ್ಮ ಮನೆಯಲ್ಲಿ ಅಮ್ಮ ಓವನಿನಲ್ಲಿ ಒಂದೇ ಒಂದು ಚಪಾತಿ ಬಿಸಿ ಮಾಡಬೇಕಾದರೂ ಪಕ್ಕದಲ್ಲಿ ಗಾಜಿನ ಲೋಟದಲ್ಲಿ ನೀರಿಡುತ್ತಾಳೆ. ಮೈಸೂರಿನಿಂದ ಅಪ್ಪನಿಗೆ ವರ್ಗವಾಗಿ ನಾವು ಇಲ್ಲಿಗೆ ಬಂದ ವರ್ಷ ಕೊಂಡ ಓವನ್ ಅದು. ನೀರಿಡದಿದ್ದರೆ ಚಪಾತಿ ಹಪ್ಪಳವಾಗುತ್ತದೆ ಎಂದು ಅಮ್ಮ ಕಂಡುಕೊಂಡಿದ್ದಳು. ನಾನೂ ಮೊದಲ ದಿನದಿಂದ ಯೋಚನೆಯಿಲ್ಲದೆ ಲ್ಯಾಬಿನ ಓವನಿನ ಮೂಲೆಯಲ್ಲಿ ಒಂದು ಲೋಟ ನೀರಿಟ್ಟೆ. ಅಲೆಗಳ ಅರ್ಧ ಶಕ್ತಿಯನ್ನು ಆ ನೀರು ಕುಡಿಯುತ್ತಿತ್ತು, ಉಳಿದದ್ದು ನನ್ನ ಫ್ಲಾಸ್ಕಿಗೆ ಮೆಲ್ಲಗೆ ತಲುಪುತ್ತಿತ್ತು. ಪ್ರಬಂಧ ಬರೆಯುವಾಗ ಲೋಟ ನನಗೆ ನೆನಪಾಗಲಿಲ್ಲವೆಂದು ಹೇಳಿದರೆ ನಂಬಬೇಡಿ. ನೆನಪಾಯಿತು. ವಿಜ್ಞಾನದ ಪತ್ರಿಕೆಯಲ್ಲಿ ಅಮ್ಮನ ಲೋಟವನ್ನು ಬರೆಯುವುದಕ್ಕೆ ನಾಚಿಕೆಯಾಯಿತು. ಅದರಿಂದ ಏನೂ ವ್ಯತ್ಯಾಸವಾಗಲಾರದು ಎಂದುಕೊಂಡು ಬಿಟ್ಟುಬಿಟ್ಟೆ.

ಇಷ್ಟು ಮಾತ್ರ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಂಥ ಸಣ್ಣ ಅಪ್ರಾಮಾಣಿಕತೆ ಎಲ್ಲ ಲ್ಯಾಬುಗಳಲ್ಲೂ ಇರುತ್ತದೆ.

ನಾನು ಸೇರಿ ಎರಡು ವರ್ಷವಾದ ನಂತರ ಲ್ಯಾಬಿಗೆ ಒಬ್ಬಳು ಹುಡುಗಿ ಬಂದಳು. ಹುಟ್ಟಿದ್ದು ಬೆಳೆದದ್ದು ಚೆನ್ನೈ, ಮೂಲ ಕುಂದಾಪುರದ ಕಡೆ. ಅವಳ ಅಪ್ಪ ಪುರಸೈವಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು, ಹೋಟೆಲಿನ ಹಿಂಬದಿಯ ಕ್ವಾರ್ಟರ್ಸಿನಲ್ಲಿ ಸಂಸಾರ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮೊದಮೊದಲು ತಮಿಳಿನಲ್ಲೇ ಉತ್ತರಿಸುತ್ತಿದ್ದಳು. ಆಮೇಲೆ ನನ್ನನ್ನು ಮೆಚ್ಚಿಸುವುದಕ್ಕೆ ಅಪ್ಪನ ಕನ್ನಡವನ್ನು ತಮಿಳಿನ ಜೊತೆ ಬೆರೆಸಿ ಮಾತಾಡಲು ಶುರು ಮಾಡಿದಳು. ನಾನು ಅದನ್ನು ಅನುಕರಣೆ ಮಾಡಿ ಉಳಿದವರನ್ನು ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು, ತನ್ನನ್ನು ಒಳಗೆ ಸೇರಿಸಿಕೊಂಡಿದ್ದಾರೆ ಅಂದುಕೊಂಡು.

ಗೈಡ್ ಕೂಡ ಕನ್ನಡದವರೇ. ಹಾಸನದ ಕಡೆಯಿಂದ ಓದಲು ಬಂದು, ಮೂವತ್ತು ವರ್ಷ ಇಲ್ಲೇ ನಿಂತು, ವಾಕ್ಯದ ಮಧ್ಯೆ ತಮಿಳು ಬೆರೆಸಿದ್ದು ಅವರಿಗೇ ಗೊತ್ತಾಗದಷ್ಟು ಈ ಊರಿನವರಾಗಿದ್ದರು. ನನ್ನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ನನ್ನ ಪ್ರಬಂಧವೇ ಲ್ಯಾಬಿನ ಆಸ್ತಿ, ಯಾರು ಬಂದರೂ ಮೊದಲು ಅದನ್ನು ಎತ್ತಿ ತೋರಿಸುತ್ತಿದ್ದರು.

ಆ ಹುಡುಗಿಯ ಮೊದಲ ಸೆಮಿನಾರಿನಲ್ಲಿ ಎಲ್ಲ ಕೆಟ್ಟಿತು. ನನ್ನ ಪ್ರಬಂಧವನ್ನೇ ವಿವರಿಸಲು ಹೇಳಿದ್ದರು, ಚೆನ್ನಾಗಿಯೇ ವಿವರಿಸಿದಳು. ಕೊನೆಯಲ್ಲಿ ಹೆದರುತ್ತಲೇ ಒಂದು ಪ್ರಶ್ನೆ ಹಾಕಿದಳು.

"ಸಾರ್, ಮನೆ ಓವನಿನಲ್ಲಿ ಪವರ್ ಕಡಿಮೆ ಮಾಡಿದ್ರೂ ಅದು ಫುಲ್ ಪವರಲ್ಲೇ ಆನ್ ಆಗಿ ಆಫ್ ಆಗುದಲ್ವಾ? ಹಾಗಿದ್ರೆ ಇಷ್ಟು ಮೆಲ್ಲ ಹೇಗೆ ಬಿಸಿ ಆಯ್ತು?"

ಗೈಡ್ ಬೆರಗಾಗಿ ಕತ್ತೆತ್ತಿದರು. "ಭೇಷ್! ಒಳ್ಳೆ ಕೇಳ್ವಿ ಕಣಮ್ಮಾ ಇದು. ಇಷ್ಟು ದಿನದಲ್ಲಿ ಒಬ್ರೂ ಕೇಳ್ಲಿಲ್ಲ ನೋಡು." ಆಮೇಲೆ ನನ್ನ ಕಡೆ ತಿರುಗಿದರು. ನಾನು ದ್ರವದ ಸಾಂದ್ರತೆ, ಶಾಖ ಹಿಡಿಯುವ ಗುಣ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಅವರು ತಲೆದೂಗಿದರು, ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನನ್ನ ಹೊಟ್ಟೆಯಲ್ಲಿ ಆ ದಿನ ಹೊತ್ತಿಕೊಂಡದ್ದು ಬರೀ ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ನನಗೆ ಭೇಷ್ ಎನ್ನಲು ಅವರು ಒಂದೂವರೆ ವರ್ಷ ತೆಗೆದುಕೊಂಡಿದ್ದರು.

ಅವಳ ಸಂಶೋಧನೆಯ ಗತಿ ನನ್ನ ಪುಡಿಯ ಮೇಲೆ ನಿಂತಿತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳಕು ನೀರಿಗೆ ಈ ಹಳದಿ ಪುಡಿ ಹಾಕಿ ಬಿಸಿಲಿನಲ್ಲಿಟ್ಟರೆ ನೀರು ತಿಳಿಯಾಗುತ್ತದೆಯೇ ಎಂದು ಅವಳು ನೋಡಬೇಕಿತ್ತು. ಅದಕ್ಕೆ ಮೊದಲು ಪುಡಿಯನ್ನು ಅವಳೇ ಮಾಡಬೇಕು, ಅದೂ ಹಳದಿಯಾಗಿಯೇ. ಅವಳು ನನ್ನ ಪ್ರಬಂಧವನ್ನು ಮುಂದಿಟ್ಟುಕೊಂಡು ಅಕ್ಷರ ಬಿಡದೆ ಮಾಡಿದಳು. ಕಿತ್ತಳೆ ಬಂತು. ಮತ್ತೆ ಮಾಡಿದಳು, ಮತ್ತೂ ಕಿತ್ತಳೆ. ಲವಣಗಳನ್ನು ಬದಲಿಸಿದಳು, ಫ್ಲಾಸ್ಕುಗಳನ್ನು ಆಮ್ಲದಲ್ಲಿ ತೊಳೆದಳು, ಓವನಿನ ತಟ್ಟೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ ಫ್ಲಾಸ್ಕನ್ನು ಪ್ರತಿ ಸಲ ಅದೇ ಜಾಗದಲ್ಲಿಟ್ಟಳು. ಒಂದು ವರ್ಷ ಹೀಗೇ ಕಳೆಯಿತು.

"ಅಕ್ಕಾ, ನೀವು ಒಮ್ಮೆ ನೋಡಿ ಹೇಳ್ತೀರಾ? ಟೈಮೆಲ್ಲಾ ಕರೆಕ್ಟಾ ಉಂಟು. ಎಂತ ತಪ್ಪು ಮಾಡ್ತೇನೆ ಅಂತಲೇ ತೆರೀಲೆ, ಗೊತ್ತಾಗುದಿಲ್ಲ" ಎಂದು ಅವಳು ನನ್ನ ಹಿಂದೆ ಹಿಂದೆ ಬರುತ್ತಿದ್ದಳು.

"ಕೈ ಕುದುರ್ಬೇಕು ಕಣೆ. ಎಲ್ರಿಗೂ ಬರೋದಲ್ಲ ಇದು" ಎಂದೆ ನಾನು.

ಅವಳ ಪುಡಿಗೆ ಕೇಸರಿಬಾತ್ ಎಂದು ಹೆಸರಿಟ್ಟವಳೂ ನಾನೇ. ಹೋಟೆಲಿನವರ ಮಗಳಲ್ಲವೇ, ಹೆಸರು ಕೂಡಲೇ ಅಂಟಿಕೊಂಡಿತು. ಅವಳು ಓವನಿನ ಬಾಗಿಲು ತೆಗೆದಾಗಲೆಲ್ಲ ಯಾರಾದರೂ "ಕೇಸರಿಬಾತ್ ರೆಡಿಯಾ?" ಎನ್ನುತ್ತಿದ್ದರು. ಒಂದು ದಿನ ಗೈಡ್ ಬಾಯಲ್ಲೂ ಬಂತು. "ಏನಮ್ಮಾ, ಇದು ಲ್ಯಾಬಾ, ಇಲ್ಲ ನಿಮ್ಮಪ್ಪನ ಕಿಚನ್ನಾ? ದ್ರಾಕ್ಷಿ ಗೋಡಂಬಿ ಹಾಕಲಿಲ್ಲವಾ?" ಎಲ್ಲರೂ ನಕ್ಕರು. ಈ ಸಲ ಅವಳು ನಗಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಭೇಷ್ ಅಂದಿದ್ದ ಬಾಯಿ ಅದು.

ಅಲ್ಲಿಯವರೆಗೂ ಲೋಟದಿಂದಲೇ ಹೀಗಾಗುತ್ತಿದೆ ಎಂದು ನನಗೆ ಖಾತ್ರಿಯಿರಲಿಲ್ಲ. ಅನುಮಾನವಿತ್ತು, ಪರೀಕ್ಷಿಸಲು ಧೈರ್ಯವಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ನನ್ನದೇ ವಿಧಾನದಲ್ಲಿ, ನನ್ನದೇ ಕೈಯಲ್ಲಿ, ಲೋಟವನ್ನು ಮಾತ್ರ ತೆಗೆದಿಟ್ಟು ಮಾಡಿದೆ. ಮೂರನೆಯ ಇಪ್ಪತ್ತು ಸೆಕೆಂಡಿಗೇ ಫ್ಲಾಸ್ಕಿನಲ್ಲಿ ದ್ರವ ಉಕ್ಕಿತು. ಪುಡಿ ಅವಳದರಷ್ಟೇ ಕಿತ್ತಳೆಯಾಗಿತ್ತು. ಲೋಟವಿಟ್ಟು ಮತ್ತೆ ಮಾಡಿದೆ, ಹಳದಿ ಬಂತು. ಕಿತ್ತಳೆಯ ಪುಡಿಯನ್ನು ತ್ಯಾಜ್ಯದ ಡಬ್ಬಿಗೆ ಸುರಿದೆ, ಫ್ಲಾಸ್ಕನ್ನು ಎರಡು ಸಲ ತೊಳೆದೆ, ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ಅವಳ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ಒಂದು ವರ್ಷದಿಂದ ಅವಳು ನನ್ನ ಪ್ರಬಂಧದಲ್ಲಿ ಬರೆದಿದ್ದನ್ನು ನನಗಿಂತ ಶುದ್ಧವಾಗಿ ಮಾಡುತ್ತಿದ್ದಳು.

ಸೋಮವಾರ ಹೇಳಿಬಿಡಬೇಕೆಂದುಕೊಂಡೆ. ಸೋಮವಾರ ಗೈಡ್ ಅವಳನ್ನು ಕರೆದು ಒಂದು ಮಾತು ಹೇಳಿದರು. ಅವಳ ತಾತ್ಕಾಲಿಕ ನೋಂದಣಿಯ ಅವಧಿ ಮುಗಿಯುವುದರಲ್ಲಿತ್ತು, ಮುಂದುವರಿಸುವ ಅರ್ಜಿಗೆ ಅವರು ಸಹಿ ಹಾಕಬೇಕಿತ್ತು. ರಜೆ ಶುರುವಾಗುವ ಮುಂಚೆ ತಮ್ಮ ಕಣ್ಣೆದುರು ಮೂರು ಸಲ ಸತತವಾಗಿ ಹಳದಿ ಪುಡಿ ಮಾಡಿ ತೋರಿಸಬೇಕು, ಆಗದಿದ್ದರೆ ಸಹಿ ಇಲ್ಲ, ಪಿಎಚ್.ಡಿ. ಅಲ್ಲಿಗೆ ಮುಗಿಯಿತು. ಅವಳು ತಲೆಯಾಡಿಸಿ ಬಂದಳು. ಈಗ ನಾನು ಬಾಯಿಬಿಟ್ಟರೆ ಗೈಡ್ ಮೊದಲು ಕೇಳುವುದು, ಇಷ್ಟು ದಿನ ಏಕೆ ಹೇಳಲಿಲ್ಲ ಎಂದು. ಪ್ರಬಂಧಕ್ಕೆ ತಿದ್ದುಪಡಿ ಕಳಿಸಬೇಕಾಗುತ್ತದೆ. ನನ್ನ ಥೀಸಿಸ್ ಪರೀಕ್ಷಕರ ಕೈಯಲ್ಲಿತ್ತು. ನಾಳೆ ಹೇಳಿದರಾಯಿತು ಎಂದು ಸುಮ್ಮನಾದೆ. ಮರುದಿನವೂ ಅದೇ ನೆಪವಿತ್ತು.

ಆಮೇಲಿನ ವಾರವೇ ಅವಳು ಲೋಟವನ್ನು ನೋಡಿದಳು. ಅವಳು ಪದವಿ ತರಗತಿಗೆ ಪ್ರಾಕ್ಟಿಕಲ್ ಕಲಿಸಲು ಹೋದ ಹೊತ್ತು ನೋಡಿಕೊಂಡೇ ನಾನು ಓವನ್ ಹಚ್ಚುತ್ತಿದ್ದೆ. ಆ ದಿನ ತರಗತಿ ಬೇಗ ಬಿಟ್ಟಿತ್ತು. ನಾನು ಬಾಗಿಲು ತೆಗೆದು ಫ್ಲಾಸ್ಕ್ ಎತ್ತಿಕೊಳ್ಳುತ್ತಿರುವಾಗ ಪಕ್ಕದಲ್ಲೇ ಬಂದು ನಿಂತಿದ್ದಳು. ಮೂಲೆಯ ಲೋಟದಿಂದ ಹಬೆ ಬರುತ್ತಿತ್ತು.

"ಅಕ್ಕಾ, ಆ ನೀರು ಎಂತಕ್ಕೆ?"

ಇದಕ್ಕಿಂತ ನೇರವಾಗಿ ಯಾರೂ ಕೇಳಲಾರರು. ಹೇಳಲು ಇದಕ್ಕಿಂತ ಸುಲಭದ ಗಳಿಗೆಯೂ ಸಿಗಲಾರದು. ನಾನು ಕೆಮ್ಮಿದೆ. ನಿಜವಾದ ಕೆಮ್ಮಲ್ಲ.

"ಗಂಟಲು ಕಟ್ಟಿದೆ ಕಣೆ. ಕುಡಿಯೋಕೆ ಬಿಸಿನೀರು. ಒಟ್ಟಿಗೇ ಆಗ್ಲಿ ಅಂತ ಇಟ್ಟೆ."

ಅವಳ ಮುಖ ಬಿಳುಚಿತು. ತನ್ನ ಪುಡಿಯ ಯೋಚನೆ ಅವಳಿಗೆ ಬರಲೇ ಇಲ್ಲ. "ಅಯ್ಯೋ ಅಕ್ಕಾ! ಇದರಲ್ಲಿ ಕ್ಯಾಡ್ಮಿಯಂ ಉಂಟಲ್ಲಾ! ಇದರ ಆವಿ ಎಲ್ಲಾ ಆ ನೀರಿಗೆ ಬೀಳುದಿಲ್ವಾ? ಕಿಡ್ನಿ ಹೋಗ್ತದೆ, ಪ್ಲೀಸ್ ಕುಡೀಬೇಡಿ." ನಾನು ಏನಾದರೂ ಹೇಳುವ ಮೊದಲೇ ಕೈಗವಸು ಹಾಕಿಕೊಂಡು ಲೋಟವನ್ನು ಎತ್ತಿ ತ್ಯಾಜ್ಯದ ಡಬ್ಬಿಗೆ ನೀರು ಸುರಿದಳು. ಎಷ್ಟು ದಿನದಿಂದ ಕುಡಿಯುತ್ತಿದ್ದೀರಿ, ಡಾಕ್ಟರಿಗೆ ತೋರಿಸೋಣವಾ ಎಂದು ಕೇಳಿದಳು. ಎರಡೇ ದಿನ ಎಂದೆ.

ಮರುದಿನದಿಂದ ಅವಳು ಅಪ್ಪನ ಹೋಟೆಲಿನಿಂದ ಜೀರಿಗೆ ಹಾಕಿ ಕುದಿಸಿದ ನೀರನ್ನು ಥರ್ಮಾಸಿನಲ್ಲಿ ತರಲು ಶುರು ಮಾಡಿದಳು. ಪುರಸೈವಾಕ್ಕಂನಿಂದ ಬಸ್ಸಿನ ನೂಕುನುಗ್ಗಲಿನಲ್ಲಿ ಅದನ್ನು ಎದೆಗವುಚಿ ತಂದು, ಲ್ಯಾಬಿನೊಳಗೆ ತರಬಾರದೆಂದು ಹೊರಗಿನ ಕಿಟಕಿಕಟ್ಟೆಯ ಮೇಲಿಟ್ಟು, ನನಗೆ ವಾಟ್ಸಾಪಿನಲ್ಲಿ ಒಂದು ಎಲೆಯ ಚಿತ್ರ ಕಳಿಸುತ್ತಿದ್ದಳು. ಬಂದಿದೆ ಎಂದು ಅರ್ಥ. ಅವಳ ಅಪ್ಪ ನನಗೆಂದು ಒಂದೊಂದು ದಿನ ಸ್ವಲ್ಪ ಶುಂಠಿ ಜಜ್ಜಿ ಹಾಕುತ್ತಿದ್ದರಂತೆ. ನಾನು ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತು ಅದನ್ನು ಕುಡಿಯುತ್ತಿದ್ದೆ. ರುಚಿಯಾಗಿತ್ತು. ಕುಡಿದು ಒಳಗೆ ಬಂದರೆ ಅವಳು ಓವನಿನ ಮುಂದೆ ಕೂತು ಬರೀ ಫ್ಲಾಸ್ಕಿಟ್ಟು ಸೆಕೆಂಡು ಎಣಿಸುತ್ತಿರುತ್ತಿದ್ದಳು. ನಾನು ನನ್ನ ಕುರ್ಚಿಗೆ ಹೋಗಿ ಕೂರುತ್ತಿದ್ದೆ.

ಒಂದೆರಡು ಸಲ ನಾಲಿಗೆಯ ತುದಿಗೆ ಬಂದದ್ದುಂಟು. ಒಮ್ಮೆಯಂತೂ ಅವಳ ಹೆಗಲ ಮೇಲೆ ಕೈಯಿಟ್ಟೆ. ಅವಳು ತಿರುಗಿ ನೋಡಿದಳು. "ಎಂತ ಅಕ್ಕಾ?" ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಆ ಗಳಿಗೆಯಲ್ಲಿ ನನಗೆ ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ಒಳ್ಳೆಯ ಪ್ರಶ್ನೆ ಕೇಳಿದವಳಿಗೆ, ಕಣ್ಣೆದುರು ಹಬೆಯಾಡುತ್ತಿದ್ದ ಲೋಟವನ್ನು ನೋಡಿದವಳಿಗೆ, ನನ್ನ ಸುಳ್ಳನ್ನು ಕ್ಷಣ ಮಾತ್ರವೂ ಅನುಮಾನಿಸಲಾಗಲಿಲ್ಲವಲ್ಲ ಎಂದು. ನನ್ನ ಬಗ್ಗೆ ಅಷ್ಟು ಒಳ್ಳೆಯದನ್ನು ಯೋಚಿಸು ಎಂದು ಅವಳಿಗೆ ಯಾರು ಹೇಳಿದ್ದರು? "ಏನಿಲ್ಲ, ಬೇಗ ಮುಗ್ಸು, ನನಗೂ ಓವನ್ ಬೇಕು" ಎಂದೆ.

ಪರೀಕ್ಷೆಯ ದಿನ ಗೈಡ್ ಸ್ಟೂಲ್ ಎಳೆದುಕೊಂಡು ಓವನಿನ ಮುಂದೆ ಕೂತರು. ಬೆಳಿಗ್ಗೆ ಹತ್ತಕ್ಕೇ ಲ್ಯಾಬು ಬೆವರುತ್ತಿತ್ತು. ಹೋಲಿಸಿ ನೋಡಲು ನನ್ನ ಹಳದಿ ಪುಡಿಯ ಸೀಸೆಯನ್ನು ತಂದು ಮೇಜಿನ ಮೇಲಿಡು ಎಂದರು, ತಂದಿಟ್ಟೆ. ಅವಳು ತೂಕ ಹಾಕಿದಳು, ಕರಗಿಸಿದಳು, ಪೆನ್ಸಿಲ್ ಗುರುತಿನ ಮೇಲೆ ಫ್ಲಾಸ್ಕಿಟ್ಟಳು. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ಅಲ್ಲಿಂದ ಇಲ್ಲಿಯವರೆಗೆ ನಾನು ನೋಡಿಲ್ಲ, ಈಗ ನನಗೇ ವಿದ್ಯಾರ್ಥಿಗಳಿದ್ದಾರೆ.

ಮೊದಲನೆಯದು ಕಿತ್ತಳೆ ಬಂತು. ಗೈಡ್ ಇನ್ನೊಂದು ಎಂದು ಕೈಸನ್ನೆ ಮಾಡಿದರು. ಎರಡನೆಯದು ಇನ್ನೂ ಗಾಢವಾಗಿತ್ತು. ಮೂರನೆಯ ಸಲ ದ್ರವ ಉಕ್ಕಿ ಓವನಿನ ತಟ್ಟೆಯ ಮೇಲೆಲ್ಲ ಚೆಲ್ಲಿತು. ಅವಳು ಬಟ್ಟೆ ತಂದು ಒರೆಸಲು ಬಗ್ಗಿದಳು.

"ಸಾಕು, ಬಿಡಮ್ಮಾ" ಎಂದರು ಗೈಡ್. ನನ್ನ ಸೀಸೆಯನ್ನು ಒಂದು ಕೈಯಲ್ಲಿ, ಅವಳದನ್ನು ಇನ್ನೊಂದು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ನೋಡು. ಅದೇ ಓವನ್, ಅದೇ ಕೆಮಿಕಲ್. ಇವಳಿಗೆ ಬರುತ್ತೆ, ನಿನಗೆ ಬರಲ್ಲ. ಪೇಪರಲ್ಲಿ ಅಷ್ಟು ತೆಳಿವಾಗಿ ಬರೆದಿದೆ. ಓದಿ ಮಾಡೋಕೆ ಆಗ್ಲಿಲ್ಲ ಅಂದ್ರೆ ಬೇರೆ ವೇಲೆ, ಬೇರೆ ಕೆಲಸ ನೋಡ್ಕೋ. ತಪ್ಪಿಲ್ಲ. ನಿಮ್ಮಪ್ಪ ಒಂದು ದಿನಕ್ಕೆ ಸಾವಿರ ಇಡ್ಲಿ ಒಂದೇ ಥರ ಮಾಡ್ತಾರಲ್ಲ, ಅವರತ್ರ ಕಲ್ತಿದ್ರೂ ಆಗ್ತಿತ್ತು."

ಅವಳು ನನ್ನ ಕಡೆ ನೋಡಿದಳು. ಆಪಾದನೆ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಏನಾದರೂ ನನ್ನ ಪರವಾಗಿ ಹೇಳಿ ಎಂದು ಕೇಳುವ ನೋಟ ಅದು. ಲ್ಯಾಬಿನಲ್ಲಿ ಇನ್ನೂ ನಾಲ್ಕು ಜನರಿದ್ದರು, ಎಲ್ಲರೂ ನೆಲ ನೋಡುತ್ತಿದ್ದರು. ನಾನು ನನ್ನ ಸೀಸೆಯ ಮುಚ್ಚಳ ಬಿಗಿ ಮಾಡಿದೆ.

ನಾಲ್ಕು ದಿನ ಬಿಟ್ಟು ಅವಳು ಲೈಬ್ರರಿಯ ಪುಸ್ತಕ ಹಿಂತಿರುಗಿಸಲು ಅಪ್ಪನ ಜೊತೆ ಬಂದಳು. ಅವರನ್ನು ನಾನು ನೋಡಿದ್ದು ಅದೊಂದೇ ಸಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಬಿಸಿ ತಾಗಿ ತಾಗಿ ಬೆರಳುಗಳ ತುದಿ ನುಣ್ಣಗಾಗಿದ್ದ ಕೈಗಳು. ಲ್ಯಾಬಿನವರಿಗೆಲ್ಲ ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ ತಂದಿದ್ದರು. ಗೈಡ್ ಎದುರು ನಿಂತು ಹೇಳಿದರು, "ಸಾರ್, ನಿಮ್ಮ ಟೈಮ್ ಎಲ್ಲ ಹಾಳು ಮಾಡಿದ್ಳು. ಬೇಜಾರು ಮಾಡ್ಕೊಳ್ಬೇಡಿ. ಓದುದ್ರಲ್ಲಿ ಹುಷಾರು, ಕೈಕೆಲ್ಸ ಬತ್ತಿಲ್ಲೆ. ಮನೇಲೂ ಅಡಿಗೆ ಕಲ್ಸಲಿಲ್ಲ ನಾನು. ನಂದೇ ತಪ್ಪು." ಗೈಡ್ ಪರವಾಗಿಲ್ಲ ಎಂದು ಪೊಟ್ಟಣ ತೆಗೆದುಕೊಂಡರು. ಆ ತಂದೆ ನನ್ನ ಕಡೆ ತಿರುಗಿ, ಗಂಟಲು ಹೇಗುಂಟು ಎಂದು ವಿಚಾರಿಸಿದರು. ವಾಸಿಯಾಯಿತು ಎಂದೆ.

ನನ್ನ ವೈವಾ ಮುಗಿಯಿತು. ಪರೀಕ್ಷಕರು ಹೊಗಳಿದರು, ಅಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದಳು. ಗೈಡ್ ನನ್ನನ್ನು ಅದೇ ಲ್ಯಾಬಿನಲ್ಲಿ ತಾತ್ಕಾಲಿಕವಾಗಿ ಉಳಿಸಿಕೊಂಡರು. ಕೆಲವು ತಿಂಗಳ ನಂತರ ಹೊರಗಿನಿಂದ ಒಂದು ಸಮಿತಿ ಕಾಲೇಜನ್ನು ನೋಡಲು ಬರುವುದಿತ್ತು. ಅವರೆದುರು ಪುಡಿ ಮಾಡಿ ತೋರಿಸಬೇಕು, ಮೊದಲು ನನ್ನೆದುರು ಒಮ್ಮೆ ಮಾಡು ಎಂದು ಗೈಡ್ ಬಂದು ಕೂತರು. ಇಷ್ಟು ವರ್ಷದಲ್ಲಿ ನಾನು ಮಾಡುವುದನ್ನು ಅವರು ಕೂತು ನೋಡಿರಲೇ ಇಲ್ಲ. ನನ್ನ ಬಣ್ಣಗಳನ್ನು ಮಾತ್ರ ನೋಡಿದ್ದರು.

ನಾನು ಲೋಟದಲ್ಲಿ ನೀರು ತುಂಬಿ ಮೂಲೆಯಲ್ಲಿಟ್ಟೆ. ಬೇರೆ ದಾರಿಯಿರಲಿಲ್ಲ.

"ಅದೇನು?"

"ನೀರು ಸಾರ್. ಅದಿಲ್ಲದಿದ್ರೆ ಕಿತ್ತಳೆ ಬರುತ್ತೆ."

ಅವರು ದಡ್ಡರಲ್ಲ. ಬಗ್ಗಿ ಓವನಿನ ಗಾಜಿನೊಳಕ್ಕೆ ನೋಡಿದರು. ತಟ್ಟೆ ತಿರುಗುತ್ತಿತ್ತು.

"ಪೇಪರಲ್ಲಿ ಇಲ್ವಲ್ಲ ಇದು."

"ಇಲ್ಲ ಸಾರ್."

"ಆ ಹುಡುಗಿಗೆ ಹೇಳಿದ್ಯಾ?"

"ಇಲ್ಲ."

ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದು ಆಸೆಯೂ ಇತ್ತು. ಕರೆಸು ಅವಳನ್ನು, ಇವತ್ತೇ ಫೋನ್ ಮಾಡು ಎಂದಿದ್ದರೆ ಮಾಡಿಬಿಡುತ್ತಿದ್ದೆ, ಆಣೆಯಿಟ್ಟು ಹೇಳಬಲ್ಲೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಈಗ ಹೇಳಿದ್ರೆ ಪೇಪರ್ ವಾಪಸ್ ತಗೋಬೇಕಾಗತ್ತೆ. ನಿನ್ನ ಡಿಗ್ರಿ ಕತೆ ಏನು? ನನ್ನ ಮರ್ಯಾದೆ ಏನು? ಅವಳದು ಹೇಗೂ ಮುಡಿಞ್ಜು ಹೋಯ್ತು, ಮುಗಿದ ಕತೆ." ಎದ್ದು ಬಾಗಿಲವರೆಗೆ ಹೋದವರು ತಿರುಗಿ ಹೇಳಿದರು, "ಕಮಿಟಿ ಬಂದಾಗ ಆ ಲೋಟನ ಕೊಂಚ ಹಿಂದಕ್ಕೆ ತಳ್ಳು. ಫ್ಲಾಸ್ಕ್ ಹಿಂದೆ ಇರ್ಲಿ, ಕಾಣಬಾರ್ದು." ಸಮಿತಿಯವರು ಬಂದರು. ಪುಡಿ ನಿಂಬೆ ಹಳದಿಯಾಗಿ ಬಂತು. ಅವರಲ್ಲೊಬ್ಬರು ಸೀಸೆಯ ಫೋಟೋ ತೆಗೆದುಕೊಂಡರು.

ಅಷ್ಟರಲ್ಲೇ ಅವಳು ಫೋನ್ ಮಾಡಿದಳು. ರಾಯಪುರಂನಲ್ಲಿ, ಬಂದರಿಗೆ ಬರುವ ಎಣ್ಣೆ, ಬೇಳೆಗಳನ್ನು ಪರೀಕ್ಷಿಸುವ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕೆ ಕರೆದಿದ್ದರಂತೆ. ಹಳೆಯ ಗೈಡಿನಿಂದ ಒಂದು ಪತ್ರ ಬೇಕು. ಗೈಡನ್ನು ಕೇಳಿದರೆ, ಅವಳತ್ರ ಹೇಳು, ಬರೆದಿಟ್ಟರೆ ಸಹಿ ಹಾಕುತ್ತೇನೆ ಎಂದಿದ್ದರು. ಅವಳು ಎಂದರೆ ನಾನು.

"ಅಕ್ಕಾ, ದೊಡ್ಡದಾಗಿ ಎಂತದೂ ಬೇಡ" ಎಂದಳು. "ಕೇರ್‌ಫುಲ್ಲಾ ಮಾಡ್ತಾಳೆ ಅಂತ ಒಂದೇ ಒಂದು ಲೈನ್ ಹಾಕಿ. ಅಲ್ಲಿ ಅದೊಂದೇ ಅವರು ಕೇಳುದು. ಅಳತೆ, ಟೈಮ್ ಎಲ್ಲಾ ಸರಿಯಾ ನೋಡ್ತಾಳೆ ಅಂತ. ಹಾಕ್ತೀರಲ್ವಾ?"

ಹಾಕುತ್ತೇನೆ ಎಂದೆ. ಕಂಪ್ಯೂಟರಿನ ಮುಂದೆ ಕೂತು ಆ ಸಾಲನ್ನೇ ಮೊದಲು ಟೈಪ್ ಮಾಡಿದೆ. ಅಳತೆಯಲ್ಲೂ ಸಮಯದಲ್ಲೂ ಅತ್ಯಂತ ಎಚ್ಚರಿಕೆಯುಳ್ಳವಳು. ನಾನು ಆ ವರ್ಷ ಬರೆದ ಒಂದೇ ಸತ್ಯ ಅದು. ಅದನ್ನು ನೋಡುತ್ತ ಕೂತೆ. ಇವಳು ಅಷ್ಟು ಎಚ್ಚರಿಕೆಯವಳಾದರೆ ಇವಳ ಕೈಯಲ್ಲಿ ನಿಮ್ಮ ಪುಡಿ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಿಯಾರು ಅನ್ನಿಸಿತು. ಯಾರು ಕೇಳುತ್ತಿದ್ದರು? ಬೇಳೆ ಪರೀಕ್ಷೆ ಮಾಡುವವರು ನನ್ನ ಪ್ರಬಂಧ ಓದುತ್ತಾರೆಯೇ? ಓದುವುದಿಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಆದರೂ ಆ ಸಾಲನ್ನು ಅಳಿಸಿದೆ. ಪ್ರಾಮಾಣಿಕಳು, ಶ್ರಮಜೀವಿ ಎಂದು ಬರೆದೆ. ಪ್ರಯೋಗದ ಕೆಲಸಗಳಲ್ಲಿ ಇವಳಿಗೆ ಹಿರಿಯರ ಮೇಲ್ವಿಚಾರಣೆ ಬೇಕಾಗುತ್ತದೆ ಎಂದು ಅದರ ಕೆಳಗೆ ಸೇರಿಸಿದೆ. ಗೈಡ್ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಸಹಿ ಹಾಕಿದರು.

ಅವಳು ಮಧ್ಯಾಹ್ನ ಬಂದು ಪತ್ರ ತೆಗೆದುಕೊಂಡು ಹೋದಳು. ಲಕೋಟೆ ಅಂಟಿಸಿರಲಿಲ್ಲ. ಮೆಟ್ಟಿಲಿಳಿಯುತ್ತ ಓದಿರಬೇಕು, ಅರ್ಧದಲ್ಲೇ ಹೆಜ್ಜೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೇಲಕ್ಕೆ ಬಂತು. ನಾನು ಕಾರಿಡಾರಿನಲ್ಲೇ ನಿಂತಿದ್ದೆ. ಈಗ ಗೊತ್ತಾಗಿರುತ್ತದೆ, ಈಗ ಕೇಳುತ್ತಾಳೆ, ಕೇಳಿದರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದುಕೊಂಡೆ. ಕೇಳಲಿ ಎಂದು ಬೇಡಿಕೊಂಡೆ ಎಂದರೂ ಸುಳ್ಳಲ್ಲ.

ಅವಳು ಬಂದು ನನ್ನ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಸಾರಿ ಅಕ್ಕಾ" ಎಂದಳು. "ನಾನು ನಿಮ್ಮತ್ರ ಸುಳ್ಳು ಬರೀಲಿಕ್ಕೆ ಕೇಳಬಾರದಿತ್ತು."